ಹೊರದೇಶಕ್ಕೆ ಹೋದಾಗ ಸಿಟಿ ಮ್ಯೂಸಿಯಂ ನೋಡೋದು ಹ್ಯಾಗೆ? ಶಿರಸಿ-ಕಾರವಾರ ಕಡೆಯವ್ರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯವ್ರು ಹೊರದೇಶಕ್ಕೆ ಹೋಗೋದು ಈಗ ದೊಡ್ಡ ಸುದ್ದಿ ಏನಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಕ್ಕಳು ಲಂಡನ್ನು, ಜರ್ಮನಿ, ನ್ಯೂಜರ್ಸಿ ಅಂತ ಹೋಗಿ ಕೂತಿದಾರೆ, ಭಟ್ಕಳ-ಹೊನ್ನಾವರದವ್ರಿಗೆ ದುಬೈ ಮೊದ್ಲಿಂದ್ಲೂ ಪರಿಚಯ, ಕಾರವಾರದ ಹುಡುಗ್ರು ಹಡಗಿನ ಕೆಲಸ ಹಿಡಿದು ಅರ್ಧ ಪ್ರಪಂಚ ಸುತ್ತಿರ್ತಾರೆ, ಬಾಣಂತನಕ್ಕೆ ಹೇಳಿ ಹೋದ ಆಯಿ ಆರು ತಿಂಗ್ಳು ಅಲ್ಲೇ ಇದ್ದು ಬರ್ತಾಳೆ. ಆದ್ರೆ ವಾಪಸ್ ಬಂದ್ಮೇಲೆ ಎಂತ ನೋಡಿದ್ರಿ ಅಂತ ಕೇಳಿದ್ರೆ ಎಲ್ಲರ ಫೋನಲ್ಲೂ ಅದೇ ಫೋಟೋ. ಐಫೆಲ್ ಟವರ್, ಲಂಡನ್ ಐ, ಬುರ್ಜ್ ಖಲೀಫಾ. ಆ ಊರು ಯಾಕೆ ಅಲ್ಲಿದೆ, ಯಾರು ಕಟ್ಟಿದ್ದು, ಯಾವಾಗ ಸುಟ್ಟೋಯ್ತು, ಜನ ಎಂತ ತಿಂತಿದ್ರು, ನೀರು ಎಲ್ಲಿಂದ ತರ್ತಿದ್ರು, ಇದ್ಯಾವ್ದೂ ಗೊತ್ತಾಗ್ದೇ ಬಂದಿರ್ತಾರೆ.

ಅದಕ್ಕೇ ಇರೋದು ಸಿಟಿ ಮ್ಯೂಸಿಯಂ. ಲೂವ್ರ್, ಬ್ರಿಟಿಷ್ ಮ್ಯೂಸಿಯಂ ಅಂತ ಹೆಸ್ರು ಕೇಳಿರ್ತೀರಲ್ಲ, ಅವು ಬೇರೆ, ಅಲ್ಲಿ ಜಗತ್ತಿನ ಸಾಮಾನೆಲ್ಲ ಇರುತ್ತೆ. ಇದು ಬರೀ ಆ ಒಂದು ಊರಿನ ಕತೆ ಹೇಳೋ ಜಾಗ. ರಶ್ ಕಡಿಮೆ, ಟಿಕೆಟ್ ಕಡಿಮೆ, ಎಷ್ಟೋ ಕಡೆ ಫ್ರೀ. ಒಂದು ಮಾತು ಮೊದ್ಲೇ ಹೇಳ್ತೀನಿ, ಬೇರೇನೂ ಓದದಿದ್ರೂ ಇಷ್ಟು ನೆನಪಿಟ್ಕೊಳ್ಳಿ: ಇದನ್ನ ಟ್ರಿಪ್ಪಿನ ಕೊನೇ ದಿನಕ್ಕೆ ಇಡ್ಬೇಡಿ, ಮೊದಲ ಅಥವಾ ಎರಡನೇ ದಿನವೇ ಹೋಗ್ಬಿಡಿ, ಹೋಗುವಾಗ ಒಂದೇ ಒಂದು ಪ್ರಶ್ನೆ ನಮ್ಮೂರಿಂದ ತಗೊಂಡು ಹೋಗಿ. ಅದು ಎಂತ ಪ್ರಶ್ನೆ ಅಂತ ಮೂರನೇ ಹಂತದಲ್ಲಿ ಹೇಳ್ತೀನಿ.

ಹಂತ 1: ಯಾವ ಮ್ಯೂಸಿಯಂ ಅಂತ ಹುಡ್ಕೋದು

ಗೂಗಲ್ ಮ್ಯಾಪಲ್ಲಿ ಬರೀ ಮ್ಯೂಸಿಯಂ ಅಂತ ಹೊಡೆದ್ರೆ ಚಾಕಲೇಟ್ ಮ್ಯೂಸಿಯಂ, ಮೇಣದ ಗೊಂಬೆ ಮ್ಯೂಸಿಯಂ, ಸೆಲ್ಫಿ ಮ್ಯೂಸಿಯಂ ಎಲ್ಲ ಮೇಲೆ ಬರುತ್ತೆ, ದುಡ್ಡು ಕೊಟ್ಟು ಜಾಹೀರಾತು ಹಾಕಿರ್ತಾರೆ. ಅದ್ರ ಬದ್ಲು ಊರಿನ ಹೆಸ್ರು ಹಾಕಿ ಜೊತೆಗೆ ಸಿಟಿ ಹಿಸ್ಟರಿ ಮ್ಯೂಸಿಯಂ ಅಂತ ಹುಡ್ಕಿ. ಜರ್ಮನಿಯಲ್ಲಾದ್ರೆ ಸ್ಟಾಟ್‌ಮ್ಯೂಸಿಯಂ ಅಂತ ಇರುತ್ತೆ. ಕೆಲವು ಊರಲ್ಲಿ ಹೆಸರಿಂದ ಗೊತ್ತೇ ಆಗಲ್ಲ. ಪ್ಯಾರಿಸ್ಸಿಂದು ಕಾರ್ನವಾಲೆ, ಅಲ್ಲಿನ ಕಾಯಂ ಪ್ರದರ್ಶನಕ್ಕೆ ಟಿಕೆಟ್ಟೇ ಇಲ್ಲ, ಸುಮ್ನೆ ಒಳಗೆ ಹೋಗೋದು. ದುಬೈದು ಅಲ್ ಶಿಂದಗ, ಊರೊಳಗೆ ಬಂದಿರೋ ಸಮುದ್ರದ ಹಿನ್ನೀರು, ಕ್ರೀಕ್ ಅಂತಾರೆ, ಅದ್ರ ದಂಡೆ ಮೇಲೆ, ಗ್ರೀನ್ ಲೈನ್ ಮೆಟ್ರೋದ ಅಲ್ ಗುಬೈಬಾ ಸ್ಟೇಷನ್ ಹತ್ರ. ಬಾರ್ಸಿಲೋನಾದಲ್ಲಿ ಪ್ಲಾಸಾ ದೆಲ್ ರೇಯ್ ಅನ್ನೋ ಚೌಕದಲ್ಲಿದೆ, ಅದ್ರ ವಿಷ್ಯ ಮುಂದೆ ಬರುತ್ತೆ. ಸಿಂಗಾಪುರದಲ್ಲಿ ಎರಡು, ಸ್ಟ್ಯಾಂಫರ್ಡ್ ರೋಡಲ್ಲಿ ನ್ಯಾಶನಲ್ ಮ್ಯೂಸಿಯಂ, ಮ್ಯಾಕ್ಸ್‌ವೆಲ್ ರೋಡಲ್ಲಿ ಸಿಟಿ ಗ್ಯಾಲರಿ. ಎರಡನೇದು ಫ್ರೀ, ನೋಡಿ ಮುಗಿಸಿ ಹತ್ರದಲ್ಲೇ ಮ್ಯಾಕ್ಸ್‌ವೆಲ್ ಫುಡ್ ಸೆಂಟರಲ್ಲಿ ಊಟ ಮಾಡ್ಬಹುದು.

ಮಗಳು ನ್ಯೂಜರ್ಸಿಯಲ್ಲಿದ್ರೆ ಮ್ಯಾನ್‌ಹಟನ್ನಿನ ಫಿಫ್ತ್ ಅವೆನ್ಯೂ 103ನೇ ರಸ್ತೆ ಹತ್ರ ನ್ಯೂಯಾರ್ಕ್ ಸಿಟಿ ಮ್ಯೂಸಿಯಂ ಇದೆ, 1923ರಲ್ಲಿ ಶುರುವಾಗಿದ್ದು. ಟೈಮ್ಸ್ ಸ್ಕ್ವೇರಲ್ಲಿ ನೂಕುನುಗ್ಗಲಲ್ಲಿ ನಿಲ್ಲೋದಕ್ಕಿಂತ ಅದು ಎಷ್ಟೋ ವಾಸಿ.

ಒಂದು ಎಚ್ಚರಿಕೆ. ಹಳೇ ಬರಹ, ಹಳೇ ಯೂಟ್ಯೂಬ್ ವಿಡಿಯೋ ನಂಬಿ ಹೊರಡ್ಬೇಡಿ, ಸಿಟಿ ಮ್ಯೂಸಿಯಂಗಳು ರಿಪೇರಿ ಅಂತ ವರ್ಷಗಟ್ಲೆ ಮುಚ್ಚೋದು ಜಾಸ್ತಿ. ಕಾರ್ನವಾಲೆ ವರ್ಷಗಟ್ಲೆ ಮುಚ್ಚಿದ್ದು 2021ರಲ್ಲಿ ತೆರೀತು. ಲಂಡನ್ನಿನ ದೊಡ್ಡ ಸಿಟಿ ಮ್ಯೂಸಿಯಂ, ಲಂಡನ್ ವಾಲ್ ಅನ್ನೋ ರಸ್ತೇಲಿ 1976ರಿಂದ ಇದ್ದಿದ್ದು, 2022ರ ಡಿಸೆಂಬರಲ್ಲಿ ಬಂದ್ ಆಯ್ತು, ಸ್ಮಿತ್‌ಫೀಲ್ಡಿನ ಹಳೇ ಮಾರ್ಕೆಟ್ ಕಟ್ಟಡಕ್ಕೆ ಹೋಗೋದು ಅಂತ ತೀರ್ಮಾನ. ಆದ್ರೆ ಅವ್ರದ್ದೇ ಇನ್ನೊಂದು ಡಾಕ್‌ಲ್ಯಾಂಡ್ಸ್ ಅನ್ನೋ ಹಳೇ ಬಂದರಿನ ಕಡೆ ಇದೆ, ಕೆನರಿ ವಾರ್ಫ್ ಹತ್ರ, ಅದು ಫ್ರೀ, ನನ್ನ ಕೇಳಿದ್ರೆ ನಮ್ಮ ಕಡೆಯವ್ರಿಗೆ ಅದೇ ಒಳ್ಳೇದು. ಹೊರಡೋ ಹಿಂದಿನ ರಾತ್ರಿ ಮ್ಯೂಸಿಯಮ್ಮಿನ ಸ್ವಂತ ವೆಬ್‌ಸೈಟ್ ತೆಗೆದು ನೋಡಿ, ಮ್ಯಾಪಲ್ಲಿ ತೋರ್ಸೋ ಟೈಮಿಂಗ್ ಮೇಲೆ ಭರವಸೆ ಬೇಡ.

ಹಂತ 2: ದಿನ ಮತ್ತು ಹೊತ್ತು

ಯೂರೋಪಲ್ಲಿ ಸೋಮವಾರ ಅಂದ್ರೆ ತುಂಬಾ ಮ್ಯೂಸಿಯಂಗೆ ರಜೆ. ಕಾರ್ನವಾಲೆ ಸೋಮವಾರ ಬಂದ್, ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿಂದೂ ಸೋಮವಾರ ಬಂದ್, ಲೂವ್ರ್ ಮಾತ್ರ ಮಂಗಳವಾರ. ಜನವರಿ 1, ಮೇ 1, ಡಿಸೆಂಬರ್ 25 ಬಹಳ ಕಡೆ ಬಾಗಿಲು ಹಾಕಿರುತ್ತೆ. ದುಬೈಯಲ್ಲಿ 2022ರಿಂದ ವಾರಾಂತ್ಯ ಶನಿವಾರ-ಭಾನುವಾರಕ್ಕೆ ಬಂತು, ಶುಕ್ರವಾರ ಸರ್ಕಾರಿ ಆಫೀಸಿಗೆ ಅರ್ಧ ದಿನ, ಹಿಂಗಾಗಿ ಹತ್ತು ವರ್ಷದ ಹಿಂದೆ ಅಲ್ಲಿದ್ದ ಚಿಕ್ಕಪ್ಪ ಹೇಳೋ ಲೆಕ್ಕ ಈಗ ನಡೆಯಲ್ಲ.

ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ತಿಗೇ ಹೋಗಿ. ಹನ್ನೊಂದರ ಮೇಲೆ ಶಾಲೆ ಮಕ್ಕಳ ಗುಂಪು ಬರುತ್ತೆ, ಅಲ್ಲಿಯ ಮಕ್ಕಳೂ ನಮ್ಮ ಮಕ್ಕಳಷ್ಟೇ ಗಲಾಟೆ, ಅದ್ರಲ್ಲಿ ಏನೂ ವ್ಯತ್ಯಾಸ ಇಲ್ಲ. ಸಂಜೆ ಹೋದ್ರೆ ಮುಚ್ಚೋದಕ್ಕೆ ಅರ್ಧ-ಮುಕ್ಕಾಲು ಗಂಟೆ ಮುಂಚೆ ಒಳಗೆ ಬಿಡೋದು ನಿಲ್ಲಿಸ್ತಾರೆ, ಆರಕ್ಕೆ ಮುಚ್ಚೋದು ಅಂದ್ರೆ ಆರಕ್ಕೆ ನೀವು ರಸ್ತೇಲಿರ್ಬೇಕು ಅಂತ ಅರ್ಥ. ಮಳೆ ಬಂದ ದಿನ ಮ್ಯೂಸಿಯಂ ಅಂತ ಪ್ಲಾನ್ ಹಾಕೋರು ಬಹಳ ಜನ, ಆ ದಿನ ಇಡೀ ಊರೇ ಅಲ್ಲಿರುತ್ತೆ. ಆಷಾಢದ ಮಳೇಲಿ ಬೆಳೆದ ನಮಗೆ ಯೂರೋಪಿನ ಮಳೆ ಯಾವ ಲೆಕ್ಕ, ಕೊಡೆ ಹಿಡಿದು ಊರು ಸುತ್ತಿ.

ಮೊದಲನೇ ದಿನವೇ ಯಾಕೆ ಅಂದ್ರೆ, ಒಂದ್ಸಲ ಊರಿನ ಕತೆ ತಲೆಗೆ ಹೋಯ್ತು ಅಂದ್ರೆ ಆಮೇಲಿನ ದಿನಗಳಲ್ಲಿ ಬಸ್ಸಿನ ಕಿಟಕಿಯಲ್ಲಿ ಕೂತ್ರೂ ಗೊತ್ತಾಗ್ತಾ ಹೋಗುತ್ತೆ, ಓ ಈ ರಸ್ತೆ ಯಾಕೆ ಇಷ್ಟು ನೇರ ಇದೆ, ಈ ಕಟ್ಟಡ ಯಾಕೆ ಒಂದೇ ಎತ್ತರ ಅಂತ. ಕೊನೇ ದಿನ ನೋಡಿದ್ರೆ, ಅಯ್ಯೋ ಅಲ್ಲಿ ಹೋಗಿದ್ವಲ್ಲ, ಗೊತ್ತೇ ಆಗ್ಲಿಲ್ಲ ಅನ್ನೋದಷ್ಟೇ ಉಳಿಯೋದು. ಜೆಟ್‌ಲ್ಯಾಗ್ ಇದ್ರೂ ತೊಂದ್ರೆ ಇಲ್ಲ, ಒಳಗೆ ಬೆಂಚ್ ಇರುತ್ತೆ.

ಹಂತ 3: ಊರಿಂದ ಒಂದು ಪ್ರಶ್ನೆ

ಇದು ಎಲ್ಲಕ್ಕಿಂತ ಮುಖ್ಯ, ಸ್ವಲ್ಪ ಉದ್ದ ಹೇಳ್ತೀನಿ.

ಎಲ್ಲಾ ನೋಡ್ತೀನಿ ಅಂತ ಹೊರಟವ್ರಿಗೆ ಏನೂ ನೆನಪಿರಲ್ಲ. ಮದ್ವೆ ಮನೆ ಬಾಳೆ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಖಾಲಿ ಮಾಡೋಕೆ ಹೋದವ್ನಿಗೆ ಹೋಳಿಗೆ ಬರೋ ಹೊತ್ತಿಗೆ ಹೊಟ್ಟೇಲಿ ಜಾಗ ಇರಲ್ವಲ್ಲ, ಅದೇ ಕತೆ. ಹಂಗಾಗಿ ನಿಮ್ಮ ಬದುಕಿಗೆ ಹತ್ರದ ಒಂದು ವಿಷ್ಯ ಹಿಡ್ಕೊಂಡು ಹೋಗಿ. ನಮ್ಮ ಜಿಲ್ಲೆಯವ್ರಿಗೆ ಈ ವಿಷ್ಯದಲ್ಲಿ ಬಡತನ ಇಲ್ಲ ಮಾರಾಯ್ರೆ.

ಕಾಳುಮೆಣಸು ತಗೊಳ್ಳಿ. ತೋಟದವ್ರಿಗೆ ಅಡಿಕೆ ಮರಕ್ಕೆ ಹಬ್ಬಿರೋ ಬಳ್ಳಿ, ಕೊಯ್ಲು, ಒಣಗಿಸೋದು, ಸೊಸೈಟಿಗೆ ಹಾಕೋದು, ಇಷ್ಟೇ ಗೊತ್ತು. ಆದ್ರೆ ಇದೇ ಮೆಣಸಿಗಾಗಿ ಲಿಸ್ಬನ್, ಆಮ್‌ಸ್ಟರ್‌ಡ್ಯಾಂ, ಲಂಡನ್ ಮೂರೂ ಊರು ಹಡಗು ಕಳ್ಸಿದ್ವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತಲೇ ಕರೀತಿದ್ರು. ವಾಸ್ಕೋ ಡ ಗಾಮ 1498ರಲ್ಲಿ ವಾಪಸ್ ಹೋಗುವಾಗ ಕಾರವಾರದ ಎದುರಿಗಿರೋ ಅಂಜದೀವ ದ್ವೀಪದಲ್ಲಿ ಹಡಗು ನಿಲ್ಲಿಸಿದ್ದ, 1502ರಲ್ಲಿ ಎರಡನೇ ಸಲ ಬಂದಾಗ ಭಟ್ಕಳದ ಮೇಲೆ ಬಿದ್ದ. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ ತೆಗೆದ್ರು. ಹಳೇ ಕಾರವಾರ ಅಂದ್ರೆ ಈಗಿನ ಪೇಟೆ ಅಲ್ಲ, ಕಾಳಿ ನದಿ ಪಕ್ಕದ ಕಡವಾಡ ಕಡೆ. ಅಲ್ಲಿಂದ ಮೆಣಸು, ಏಲಕ್ಕಿ, ಜೊತೆಗೆ ಹುಬ್ಬಳ್ಳಿ ಕಡೆ ನೇಯ್ದ ತೆಳು ಮಸ್ಲಿನ್ ಬಟ್ಟೆ ಹೋಗ್ತಿತ್ತು. ಹಂಗಾದ್ರೆ ಪ್ರಶ್ನೆ ಸಿಕ್ತಲ್ಲ: ನಮ್ಮ ಮೆಣಸು ಈ ಊರಲ್ಲಿ ಎಲ್ಲಿ ಇಳೀತು, ಅದ್ರಿಂದ ಬಂದ ದುಡ್ಡಲ್ಲಿ ಇವ್ರು ಎಂತ ಕಟ್ಟಿದ್ರು?

ಮೆಣಸು ಬೇಡಾಂದ್ರೆ ದೋಣಿ. ಕಾರ್ನವಾಲೆಯ ನೆಲಮಾಳಿಗೆಯಲ್ಲಿ ಒಂದೇ ಮರ ಕೊರೆದು ಮಾಡಿದ ಪಾತಿ ದೋಣಿ ಇಟ್ಟಿದಾರೆ, ಪ್ಯಾರಿಸ್ಸಿನ ಬೆರ್ಸಿ ಅನ್ನೋ ಕಡೆ ನೆಲ ಅಗೆದಾಗ ಸಿಕ್ಕಿದ್ದು, ಶಿಲಾಯುಗದ ಕಾಲದ್ದು, ಸಾವಿರಾರು ವರ್ಷ ಹಳೇದು. ಶರಾವತಿ ಅಘನಾಶಿನಿ ದಂಡೇಲಿ ದೋಣಿ ನೋಡಿ ಬೆಳೆದವ್ರು ಅದ್ರ ಮುಂದೆ ನಿಂತ್ರೆ ಲೇಬಲ್ ಓದೋ ಅಗತ್ಯ ಇಲ್ಲ, ಅಂಚು ಎಲ್ಲಿ ಸವೆದಿದೆ, ಒಳಗೆ ಎಷ್ಟು ದಪ್ಪ ಬಿಟ್ಟಿದಾರೆ ಅಂತ ಕಣ್ಣು ತಾನೇ ಹೋಗುತ್ತೆ. ಮೀನಿನ ಕಡೆಯವ್ರಿಗೆ ಬಾರ್ಸಿಲೋನಾ. ಅಲ್ಲಿ ಲಿಫ್ಟಲ್ಲಿ ಕೆಳಗಿಳಿದ್ರೆ ರೋಮನ್ ಕಾಲದ ಬೀದಿಯೇ ಇದೆ, ಬಟ್ಟೆ ಒಗೆಯೋ ಜಾಗ, ಬಣ್ಣ ಹಾಕೋ ತೊಟ್ಟಿ, ದ್ರಾಕ್ಷಾರಸ ಮಾಡೋ ಜಾಗ, ಮತ್ತೆ ಮೀನು ಉಪ್ಪು ಹಾಕಿ ಕೊಳೆಸಿ ರಸ ಇಳಿಸೋ ಕಾರ್ಖಾನೆ. ಗಾರಂ ಅಂತಾರೆ ಅದಕ್ಕೆ, ರೋಮನ್ನರಿಗೆ ಅದಿಲ್ದೆ ಅಡಿಗೆಯೇ ಇಲ್ಲ. ಅಂಕೋಲಾ ತದಡಿ ಕಡೆ ಒಣಮೀನಿನ ವಾಸನೆಯಲ್ಲಿ ಬೆಳೆದವ್ರಿಗೆ ಆ ತೊಟ್ಟಿಗಳು ನೋಡಿದ ಕೂಡ್ಲೇ ಅರ್ಥ ಆಗುತ್ತೆ, ಬೆಂಗಳೂರಿನವ್ರಿಗೆ ಆಡಿಯೋ ಗೈಡ್ ಬೇಕು.

ದುಬೈಗೆ ಹೋಗೋರು ದುಡ್ಡಿನ ಪ್ರಶ್ನೆ ಹಿಡ್ಕೊಳ್ಳಿ. ಎಣ್ಣೆ ಸಿಗೋ ಮುಂಚೆ ಅವ್ರ ಜೀವನ ಮುತ್ತಿನ ಮೇಲೆ, 1930ರ ಸುಮಾರಿಗೆ ಜಪಾನಿನ ಸಾಕಿದ ಮುತ್ತು ಬಂದು ಆ ವ್ಯಾಪಾರ ಬಿದ್ದೋಯ್ತು. 1966ರ ತನಕ ಅಲ್ಲಿ ನಡೀತಿದ್ದದ್ದು ನಮ್ಮ ರೂಪಾಯಿ, 1959ರಿಂದ ರಿಸರ್ವ್ ಬ್ಯಾಂಕು ಗಲ್ಫಿಗೇ ಅಂತ ಬೇರೆ ನೋಟು ಹೊಡೆಸ್ತಿತ್ತು. ಈಗ ನಾವು ದಿರ್ಹಂ ಲೆಕ್ಕ ಹಾಕ್ತಾ ಕೂತಿದೀವಿ.

ಹಂತ 4: ಫೋನು, ಚೀಲ, ಮತ್ತೆ ಅಡಕತ್ರಿ

ಫೋನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಹಾಕ್ಕೊಂಡು ಆ ದೇಶದ ಭಾಷೆಯ ಆಫ್‌ಲೈನ್ ಪ್ಯಾಕನ್ನ ಮನೆ ವೈಫೈಯಲ್ಲೇ ಡೌನ್‌ಲೋಡ್ ಮಾಡಿ. ಕ್ಯಾಮೆರಾ ಹಿಡಿದ್ರೆ ಗೋಡೆ ಮೇಲಿನ ಬರಹ ತಿರುಗಿಸಿ ತೋರ್ಸುತ್ತೆ. ಕನ್ನಡಕ್ಕೆ ತಿರುಗಿಸಿದ್ರೆ ಒಮ್ಮೊಮ್ಮೆ ರೂಲರ್ ಅಂತ ಬರೆದಿದ್ದ ರಾಜ ಹೋಗಿ ಅಳತೆಪಟ್ಟಿ ಆಗಿರ್ತಾನೆ, ಇಂಗ್ಲಿಷ್ ಬರೋರು ಇಂಗ್ಲಿಷಿಗೇ ಇಟ್ಕೊಂಡ್ರೆ ನಗೋದು ತಪ್ಪುತ್ತೆ, ಅಥವಾ ನಗಬೇಕಂದ್ರೆ ಕನ್ನಡಕ್ಕೇ ಇಡಿ. ಇಯರ್‌ಫೋನ್ ತಗೊಳ್ಳಿ, ಈಗ ಬಹಳ ಕಡೆ ಆಡಿಯೋ ಗೈಡ್ ಫೋನಲ್ಲೇ ಕೇಳೋದು, ಜೋರಾಗಿ ಸ್ಪೀಕರಲ್ಲಿ ಹಾಕಿದ್ರೆ ಸುತ್ತಲಿನವ್ರು ತಿರುಗಿ ನೋಡ್ತಾರೆ.

ಚೀಲ ದೊಡ್ಡದಿದ್ರೆ ಒಳಗೆ ಬಿಡಲ್ಲ, ಲಾಕರ್ ಇರುತ್ತೆ, ಕೆಲವಕ್ಕೆ ಒಂದು ಯೂರೋದೋ ಎರಡು ಯೂರೋದೋ ನಾಣ್ಯ ಹಾಕ್ಬೇಕು, ಚೀಲ ತೆಗೆದಾಗ ನಾಣ್ಯ ವಾಪಸ್ ಬರುತ್ತೆ. ಒಂದೆರಡು ಚಿಲ್ಲರೆ ಜೇಬಲ್ಲಿರ್ಲಿ. ಚಳಿಗಾಲದಲ್ಲಿ ನಮ್ಮವ್ರು ಬನಿಯನ್ ಮೇಲೆ ಥರ್ಮಲ್, ಅದ್ರ ಮೇಲೆ ಸ್ವೆಟರ್, ಅದ್ರ ಮೇಲೆ ಕೋಟು ಹಾಕಿ ಹೋಗಿರ್ತಾರೆ, ಒಳಗೆ ಹೀಟರ್ ಇರೋದ್ರಿಂದ ಅರ್ಧ ಗಂಟೇಲಿ ಬೆವರಿಳಿಯುತ್ತೆ, ಕೋಟನ್ನ ಅಲ್ಲೇ ಕೊಟ್ಟು ಟೋಕನ್ ತಗೊಂಡು ಹೋಗಿ.

ಕವಳ ಹಾಕೋರಿಗೊಂದು ಮಾತು. ಸಂಚಿ ಮನೇಲೇ ಇರ್ಲಿ. ಬಾಗಿಲಲ್ಲಿ ಚೀಲ ಚೆಕ್ ಮಾಡೋ ಕಡೆ ಅಡಕತ್ರಿ ಸಿಕ್ರೆ ಅದು ಎಂತದು ಅಂತ ಸೆಕ್ಯುರಿಟಿಯವ್ನಿಗೆ ವಿವರಿಸೋದು ಸುಲಭ ಅಲ್ಲ, ಅಡಿಕೆ ಕತ್ತರಿಸಿ ತೋರ್ಸಿದ್ರೂ ಆಗಲ್ಲ. ಒಳಗೆ ತಿನ್ನೋದು ಕುಡಿಯೋದು ಇಲ್ಲ, ನೀರಿನ ಬಾಟ್ಲಿ ಮುಚ್ಚಿ ಚೀಲದಲ್ಲಿದ್ರೆ ಸಾಮಾನ್ಯವಾಗಿ ಏನೂ ಅನ್ನಲ್ಲ. ಚಕ್ಕುಲಿ, ಬಾಳೆಕಾಯಿ ಚಿಪ್ಸ್ ಎಲ್ಲ ಹೊರಗಿನ ಅಂಗಳದಲ್ಲಿ ಕೂತು ತಿನ್ನಿ.

ಹಂತ 5: ಕೌಂಟರಲ್ಲಿ ಕೇಳ್ಬೇಕಾದ್ದು

ಅರವತ್ತು-ಅರವತ್ತೈದರ ಮೇಲಿನವ್ರಿಗೆ ರಿಯಾಯ್ತಿ ಉಂಟಾ ಅಂತ ಕೇಳಿ, ಪಾಸ್‌ಪೋರ್ಟ್ ಜೆರಾಕ್ಸೋ ಫೋನಲ್ಲಿ ಫೋಟೋನೋ ಇದ್ರೆ ಸಾಕಾಗುತ್ತೆ ಎಷ್ಟೋ ಕಡೆ. ಸ್ಟೂಡೆಂಟ್ ಕಾರ್ಡ್ ಇದ್ರೆ ತೋರ್ಸಿ. ಫ್ರೀ ಮ್ಯಾಪ್ ಕೇಳಿ ತಗೊಳ್ಳಿ. ಮಂಡಿ ನೋವಿರೋರಿಗೆ ವೀಲ್‌ಚೇರ್ ಅಥವಾ ಮಡಚೋ ಸ್ಟೂಲ್ ಸಿಗುತ್ತಾ ಕೇಳಿ, ಬಹಳ ಕಡೆ ದುಡ್ಡಿಲ್ಲದೇ ಕೊಡ್ತಾರೆ, ಆದ್ರೆ ಕೇಳದೇ ಯಾರೂ ಕರೆದು ಕೊಡಲ್ಲ. ನಮ್ಮವ್ರಿಗೆ ಸಂಕೋಚ ಜಾಸ್ತಿ, ಬೇಡ ಬಿಡು, ನಡೀತೀನಿ ಅಂತಾರೆ, ಎರಡನೇ ರೂಮಿಗೆ ಸುಸ್ತಾಗಿ ಕೂತಿರ್ತಾರೆ. ಇನ್ನೊಂದು, ಒಳಗೆ ಹೋದ ಕೂಡ್ಲೇ ಬಾತ್‌ರೂಮಿಗೆ ಹೋಗಿ ಬನ್ನಿ. ಯೂರೋಪಲ್ಲಿ ಹೊರಗೆ ಅದಕ್ಕೂ ದುಡ್ಡು ಕೇಳ್ತಾರೆ, ಇಲ್ಲಿ ಚೊಕ್ಕಾಗೂ ಇರುತ್ತೆ, ಫ್ರೀಯೂ ಹೌದು.

ಹಂತ 6: ಮೊದ್ಲು ಮಾದರಿ ಹುಡ್ಕಿ

ಸಿಟಿ ಮ್ಯೂಸಿಯಂ ಅಂದ್ಮೇಲೆ ಬಹುತೇಕ ಎಲ್ಲೋ ಒಂದ್ಕಡೆ ಇಡೀ ಊರನ್ನ ಸಣ್ಣದಾಗಿ ಮಾಡಿಟ್ಟ ಮಾದರಿ ಇರುತ್ತೆ. ಮ್ಯಾಡ್ರಿಡ್ಡಿನ ಇತಿಹಾಸ ಮ್ಯೂಸಿಯಮ್ಮಲ್ಲಿ 1830ರಲ್ಲಿ ಲೆಯೋನ್ ಹಿಲ್ ದೆ ಪಲಾಸಿಯೋ ಅನ್ನೋ ಸೈನ್ಯದ ಅಧಿಕಾರಿ ಮಾಡಿದ್ದಿದೆ, ಅದಕ್ಕೂ ಟಿಕೆಟ್ ಇಲ್ಲ. ನ್ಯೂಯಾರ್ಕಿನದ್ದು ಕ್ವೀನ್ಸ್ ಮ್ಯೂಸಿಯಮ್ಮಲ್ಲಿದೆ, 1964ರ ವಿಶ್ವಮೇಳಕ್ಕೆ ಮಾಡಿದ್ದು, ಎಂಟು ಲಕ್ಷಕ್ಕೂ ಜಾಸ್ತಿ ಕಟ್ಟಡ ಇದೆ ಅದ್ರಲ್ಲಿ. ಬೇರೆಲ್ಲ ರೂಮು ಬಿಟ್ಟು ಸೀದಾ ಮಾದರಿ ಹತ್ರ ಹೋಗಿ, ಹತ್ತು ನಿಮಿಷ ನಿಂತ್ಕೊಳ್ಳಿ. ನೀರು ಎಲ್ಲಿದೆ, ಬಂದರು ಎಲ್ಲಿದೆ, ಗೋಡೆ ಎಲ್ಲಿ ಮುಗಿಯುತ್ತೆ, ಬಡವ್ರು ಯಾವ ಮೂಲೇಲಿದ್ರು, ಇಷ್ಟು ನೋಡಿ.

ಲಿಸ್ಬನ್ನಿಂದು ಬಿಡಿಸಿ ಹೇಳ್ತೀನಿ, ನನಗೆ ಬಹಳ ಇಷ್ಟದ್ದು. ಅಲ್ಲಿನ ಸಿಟಿ ಮ್ಯೂಸಿಯಂ ಐದು ಕಡೆ ಹಂಚಿದೆ, ಮುಖ್ಯವಾದದ್ದು ಪಲಾಸಿಯೋ ಪಿಮೆಂತಾ ಅನ್ನೋ ಹಳೇ ಬಂಗಲೆ, ಕಾಂಪೋ ಗ್ರಾಂದೆ ಮೆಟ್ರೋದಿಂದ ನಡೆದೇ ಹೋಗ್ಬಹುದು, ತೋಟದಲ್ಲಿ ನವಿಲು ಓಡಾಡ್ಕೊಂಡಿರ್ತಾವೆ. ಒಳಗೆ 1755ಕ್ಕಿಂತ ಮುಂಚಿನ ಲಿಸ್ಬನ್ನಿನ ದೊಡ್ಡ ಮಾದರಿ ಇದೆ, 1950ರ ದಶಕದಲ್ಲಿ ಮಾಡಿದ್ದು. 1755 ಯಾಕೆ ಅಂದ್ರೆ ಆ ವರ್ಷ ನವೆಂಬರ್ 1ಕ್ಕೆ, ಅವ್ರ ಹಬ್ಬದ ದಿನ ಬೆಳಿಗ್ಗೆ, ಜನ ಎಲ್ಲ ಇಗರ್ಜಿಯಲ್ಲಿದ್ದಾಗ ಭೂಕಂಪ ಆಯ್ತು, ಆಮೇಲೆ ಸಮುದ್ರ ಉಕ್ಕಿ ಬಂತು, ಉಳಿದಿದ್ದನ್ನ ಬೆಂಕಿ ದಿನಗಟ್ಲೆ ತಿಂತು. ಹಂಗಾಗಿ ಆ ಮಾದರಿಯಲ್ಲಿ ಕಾಣೋ ನಡುಪೇಟೆ ಈಗ ಇಲ್ಲ.

ಮಾದರಿಯಲ್ಲಿ ತೇಜೋ ನದಿ ದಂಡೆಗೆ ಕಣ್ಣು ಹಾಕಿ. ನೀರಿಗೆ ಅಂಟ್ಕೊಂಡೇ ಉದ್ದಕ್ಕೆ ಒಂದು ಅರಮನೆ, ಮುಂದೆ ದೊಡ್ಡ ಬಯಲು. ಅದು ರಿಬೇರಾ ಅರಮನೆ. ರಾಜ ಮನುವೆಲ್ ಗುಡ್ಡದ ಮೇಲಿನ ಕೋಟೆ ಬಿಟ್ಟು ಬಂದರಿನ ಪಕ್ಕಕ್ಕೆ ಬಂದು ಮನೆ ಕಟ್ಕೊಂಡ, ಪಕ್ಕದಲ್ಲೇ ಕಾಜಾ ದ ಇಂಡಿಯಾ ಅಂತ ಕಚೇರಿ, ನಮ್ಮ ಕಡೆಯಿಂದ ಹೋದ ಮೆಣಸು ತೂಕ ಆಗಿ ಲೆಕ್ಕ ಬರೀತಿದ್ದದ್ದು ಅಲ್ಲಿ. ರಾಜ ಅನ್ನೋನು ಉಗ್ರಾಣದ ಪಕ್ಕದಲ್ಲಿ ಮಲಗ್ತಿದ್ದ ಅಂದ್ರೆ ಆ ಉಗ್ರಾಣದಲ್ಲಿ ಎಷ್ಟು ದುಡ್ಡಿತ್ತು ಲೆಕ್ಕ ಹಾಕಿ. ಮಿರ್ಜಾನ ಕೋಟೆ ಮೇಲೆ ನಿಂತು ಅಘನಾಶಿನಿ ಕಡೆ ನೋಡಿದವ್ರಿಗೆ ಈ ಮಾದರಿ ಅದ್ರ ಇನ್ನೊಂದು ತುದಿ.

ಅದೇ ಮನೆಯ ಅಡಿಗೆಮನೆ ತಪ್ಪಿಸ್ಬೇಡಿ. ಗೋಡೆ ತುಂಬಾ ನೀಲಿ-ಬಿಳಿ ಟೈಲ್ಸು, ಟೈಲ್ಸ್ ಮೇಲೆ ತೂಗುಹಾಕಿದ ಮೀನು, ಬೇಟೆ ಪ್ರಾಣಿ, ಹಕ್ಕಿ ಚಿತ್ರ. ಅಡಿಗೆ ಮಾಡೋರ ಕಣ್ಣ ಮುಂದೆ ಅಡಿಗೆ ಸಾಮಾನೇ ಬರೆಸಿಟ್ಟಿದಾರೆ. ರಾಜರ ಚಿತ್ರ ಇರೋ ರೂಮಿಗಿಂತ ಇಲ್ಲಿ ಹೆಚ್ಚು ಹೊತ್ತು ನಿಲ್ಲಿ, ಆ ಗಡ್ಡದವ್ರ ಚಿತ್ರ ಎಲ್ಲ ಒಂದೇ ಥರ ಕಾಣುತ್ತೆ ಹೇಗಿದ್ರೂ.

ಹಂತ 7: ಲೇಬಲ್ ಓದೋದು

ಎಲ್ಲ ಓದ್ಬೇಡಿ. ಪ್ರತಿ ರೂಮಿನ ಬಾಗಿಲ ಹತ್ರ ದೊಡ್ಡ ಅಕ್ಷರದ ಒಂದು ಬೋರ್ಡಿರುತ್ತೆ, ಅದನ್ನ ಓದಿ. ಆಮೇಲೆ ಆ ರೂಮಲ್ಲಿ ನಿಮ್ಗೆ ಬೇಕಾದ ಎರಡು ವಸ್ತು ಆರಿಸ್ಕೊಂಡು ಅವುಗಳದ್ದಷ್ಟೇ ಓದಿ. ಲೇಬಲ್ಲಲ್ಲಿ ಮೂರು ವಿಷ್ಯ ನೋಡೋದು: ಎಂತದ್ರಿಂದ ಮಾಡಿದ್ದು, ಎಲ್ಲಿ ಸಿಕ್ಕಿದ್ದು, ಮ್ಯೂಸಿಯಮ್ಮಿಗೆ ಯಾರು ಕೊಟ್ಟಿದ್ದು. ಮೂರನೇದನ್ನ ಯಾರೂ ನೋಡಲ್ಲ, ಆದ್ರೆ ಎಷ್ಟೋ ಕತೆ ಅಲ್ಲೇ ಇರೋದು, ಯಾರದ್ದೋ ಮನೆಯಿಂದ ಬಂತಾ, ನೆಲ ಅಗೆದಾಗ ಸಿಕ್ತಾ, ಹೊರಗಿನ ದೇಶದಿಂದ ಹೊತ್ತು ತಂದಿದ್ದಾ ಅಂತ.

ಇಂಗ್ಲಿಷ್ ಬರದಿದ್ರೂ ಪರವಾಗಿಲ್ಲ. ಕಾರ್ನವಾಲೆ ಶುರುವಾಗೋದೇ ಹಳೇ ಅಂಗಡಿ ಬೋರ್ಡುಗಳಿಂದ, ಕಬ್ಬಿಣದ್ದು, ಮರದ್ದು, ಓದಕ್ಕೆ ಬರದ ಗಿರಾಕಿಗೂ ಗೊತ್ತಾಗ್ಲಿ ಅಂತ ಕತ್ತರಿ, ಬೀಗದಕೈ, ಬೆಕ್ಕು ಅಂತ ಆಕಾರದಲ್ಲೇ ಹೇಳೋವಂಥದ್ದು. ಅಲ್ಲಿ ಅಜ್ಜಿ-ಮೊಮ್ಮಗ ಇಬ್ರೂ ಸಮ ಸಮ, ಯಾವ ಅಂಗಡಿ ಹೇಳು ಅಂತ ಆಟ ಆಡ್ಬಹುದು.

ಹಂತ 8: ಮಕ್ಕಳು, ಹಿರಿಯರು

ಮಕ್ಕಳಿಗೆ ಒಂದೂವರೆ ಗಂಟೆ ಮ್ಯಾಕ್ಸಿಮಮ್, ಮೇಲೆ ಒಂದು ನಿಮಿಷ ಇಟ್ರೂ ಗಾಜಿಗೆ ಮೂಗು ಒತ್ತಿ ಗುರುತು ಮಾಡ್ತಾರೆ. ಡಾಕ್‌ಲ್ಯಾಂಡ್ಸಲ್ಲಿ ಸೇಲರ್‌ಟೌನ್ ಅಂತ ಹಳೇ ಬಂದರು ಓಣಿಯನ್ನೇ ಕಟ್ಟಿಟ್ಟಿದಾರೆ, ಕತ್ತಲು ಕತ್ತಲು, ಇಕ್ಕಟ್ಟು ಗಲ್ಲಿ, ಹೆಂಡದಂಗಡಿ, ಮಕ್ಕಳನ್ನ ಅಲ್ಲಿ ಬಿಡಿ. ಕಾರವಾರ ಬೀಚಿನ ಚಪಲ್ ಯುದ್ಧನೌಕೆ ಒಳಗೆ ಹತ್ತಿಳಿದ ಮಕ್ಕಳಿಗೆ ಇಂಥದ್ದು ಹೇಳಿಕೊಡೋದೇ ಬೇಡ. ನಿಜ ಹೇಳ್ಬೇಕಂದ್ರೆ ಹೊರದೇಶಕ್ಕೆ ಕರ್ಕೊಂಡು ಹೋಗೋ ಮುಂಚೆ ಒಂದ್ಸಲ ಚಪಲ್, ಒಂದ್ಸಲ ಬನವಾಸಿ ತೋರ್ಸಿ, ಮುಟ್ಟಬಾರ್ದು, ಓಡಬಾರ್ದು, ಕೇಳಬಹುದು ಅನ್ನೋದು ಅಲ್ಲೇ ರೂಢಿ ಆಗ್ಲಿ.

ಹಿರಿಯರನ್ನ ಅವ್ರ ಪಾಡಿಗೆ ಬಿಡಿ. ಅಪ್ಪ ಒಂದು ಹಳೇ ತಕ್ಕಡಿ ಮುಂದೆ ಇಪ್ಪತ್ತು ನಿಮಿಷ ನಿಂತಿದಾರೆ ಅಂದ್ರೆ ಅವ್ರಿಗೆ ಅದ್ರಲ್ಲಿ ಏನೋ ಕಾಣ್ತಿದೆ ಅಂತ ಅರ್ಥ, ಬನ್ನಿ ಅಪ್ಪಾ ಇನ್ನೂ ನಾಲ್ಕು ಫ್ಲೋರ್ ಇದೆ ಅಂತ ಎಳೀಬೇಡಿ. ಎಲ್ರೂ ಇಂಥ ಹೊತ್ತಿಗೆ ಮಾದರಿ ಹತ್ರ ಸೇರೋಣ ಅಂತ ಹೇಳಿ ಚದುರಿಬಿಡಿ.

ಫೋಟೋ ತೆಗೀಬಹುದು, ಫ್ಲಾಶ್ ಬೇಡ, ಸೆಲ್ಫಿ ಕೋಲು ಬೇಡ. ವಿಡಿಯೋ ಕಾಲ್ ಹಚ್ಚಿ ಶಿರಸಿಯಲ್ಲಿರೋ ಅತ್ತಿಗೆಗೆ ಲೈವ್ ತೋರ್ಸೋರಿಗೆ ಒಂದೇ ಕೋರಿಕೆ, ದನಿ ಕಡಿಮೆ.

ಹಂತ 9: ಹೇಳದೇ ಬಿಟ್ಟಿದ್ದನ್ನೂ ನೋಡಿ

ಸಿಟಿ ಮ್ಯೂಸಿಯಂ ಅಂದ್ರೆ ಆ ಊರು ತನ್ನ ಬಗ್ಗೆ ತಾನೇ ಹೇಳ್ಕೊಳ್ಳೋ ಮಾತು. ಯಾವ ಮನೆಯವ್ರು ತಮ್ಮ ಹಳೇ ಜಗಳ ನೆಂಟರ ಮುಂದೆ ಹೇಳ್ತಾರೆ? ಕೆಲವು ಕಡೆ ಹಡಗು ಹೋಯ್ತು, ಮಸಾಲೆ ಬಂತು, ಊರು ಶ್ರೀಮಂತ ಆಯ್ತು ಅಂತ ಮೂರು ಸಾಲಲ್ಲಿ ಮುಗ್ಸಿರ್ತಾರೆ, ಆ ಹಡಗಿನ ತೋಪು ಯಾರ ಮೇಲೆ ಹಾರ್ತು ಅನ್ನೋದು ಇರಲ್ಲ. ಭಟ್ಕಳದವ್ರು ಕೇಳ್ಬೇಕಾದ ಪ್ರಶ್ನೆ ಅದು.

ಇದ್ರಲ್ಲಿ ಡಾಕ್‌ಲ್ಯಾಂಡ್ಸ್ ಮ್ಯೂಸಿಯಂ ವಾಸಿ. ಆ ಕಟ್ಟಡವೇ 1802ರ ಸಕ್ಕರೆ ಗೋದಾಮು, ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಆಫ್ರಿಕಾದ ಗುಲಾಮರಿಂದ ದುಡಿಸಿ ಬೆಳೆಸಿದ ಸಕ್ಕರೆ ತಂದು ಇಡ್ತಿದ್ದದ್ದು. 2007ರಲ್ಲಿ ಸಕ್ಕರೆ ಮತ್ತು ಗುಲಾಮಗಿರಿ ಮೇಲೆಯೇ ಒಂದು ಗ್ಯಾಲರಿ ತೆರೆದ್ರು, ಮುಚ್ಚುಮರೆ ಇಲ್ದೇ ಹೇಳಿದಾರೆ. ಬಾಗಿಲ ಮುಂದೆ ರಾಬರ್ಟ್ ಮಿಲ್ಲಿಗನ್ ಅನ್ನೋ ಗುಲಾಮರ ವ್ಯಾಪಾರಿಯ ಮೂರ್ತಿ ಇತ್ತು, ಆ ಡಾಕ್ ಕಟ್ಟಿಸೋದ್ರಲ್ಲಿ ಮುಂದಿದ್ದೋನು, 2020ರ ಜೂನಲ್ಲಿ ಅದನ್ನ ತೆಗೆದ್ರು. ಮೇಲಿನ ಫ್ಲೋರಿಂದ ಶುರು ಮಾಡಿ ಕೆಳಗೆ ಇಳೀತಾ ಬನ್ನಿ, ಕಾಲದ ಕ್ರಮ ಹಂಗೇ ಇದೆ, ಮೊಣಕಾಲಿಗೂ ಹಿತ. ಹಳೇ ತೊಲೆ, ಕಂಬ ಎಲ್ಲ ಹಂಗೇ ಉಳಿಸಿದಾರೆ, ಅಡಿಕೆ ವಖಾರಿ ನೋಡಿದವ್ರು ತಲೆ ಎತ್ತಿ ನೋಡ್ದೇ ಇರಲ್ಲ.

ಕಾವಲು ಕೂತಿರೋ ಸಿಬ್ಬಂದಿ ಹತ್ರ ಮಾತಾಡಿ. ಇಡೀ ದಿನ ಸುಮ್ನೆ ಕೂತಿರ್ತಾರೆ ಪಾಪ, ಪ್ರಶ್ನೆ ಕೇಳಿದ್ರೆ ಖುಷಿ ಪಡ್ತಾರೆ. ಇಂಡಿಯಾದಿಂದ ಬಂದಿದ್ದು, ನಮ್ಮಲ್ಲಿ ಮೆಣಸು ಬೆಳೀತೀವಿ, ಅದ್ರ ಬಗ್ಗೆ ಇಲ್ಲಿ ಏನಾದ್ರೂ ಉಂಟಾ ಅಂತ ಹರುಕು ಮುರುಕು ಇಂಗ್ಲಿಷಲ್ಲಿ ಕೇಳಿದ್ರೂ ಸಾಕು, ಎದ್ದು ಬಂದು ತೋರ್ಸೋರು ಇದಾರೆ.

ಹಂತ 10: ಹೊರಗೆ ಬಂದು ನಡೆಯೋದು

ಇಲ್ಲಿಗೆ ಅರ್ಧ ಆಯ್ತು ಅಷ್ಟೇ. ಒಳಗೆ ನೋಡಿದ್ರಲ್ಲಿ ಒಂದೇ ಒಂದು ಜಾಗ ಆರಿಸಿ ಅದೇ ದಿನ ಸಂಜೆ ಅಲ್ಲಿಗೆ ಹೋಗಿ. ಮಾದರಿಯ ಫೋಟೋ ಫೋನಲ್ಲಿರ್ಲಿ.

ಲಿಸ್ಬನ್ನಲ್ಲಾದ್ರೆ ಮೆಟ್ರೋ ಹತ್ತಿ ಪ್ರಾಸಾ ದು ಕೊಮೆರ್ಸಿಯೋ ಚೌಕಕ್ಕೆ ಬನ್ನಿ, ಸುತ್ತ ಹಳದಿ ಕಟ್ಟಡ, ಒಂದು ಕಡೆ ನದಿ. ಆ ರಿಬೇರಾ ಅರಮನೆ ಇದ್ದದ್ದು ಇಲ್ಲೇ, ಈಗ ಕುರುಹೂ ಇಲ್ಲ. ಅಲ್ಲಿಂದ ಒಳಗೆ ಹೋಗೋ ರಸ್ತೆಗಳು ಗೆರೆ ಎಳೆದಷ್ಟು ನೇರ, ಭೂಕಂಪ ಆದ್ಮೇಲೆ ಮಂತ್ರಿ ಪೊಂಬಾಲ್ ಹೊಸದಾಗಿ ಹಾಕ್ಸಿದ್ದು. ಆ ಕಟ್ಟಡಗಳ ಗೋಡೆ ಒಳಗೆ ಗಾಯೋಲಾ ಅಂತ ಮರದ ಚೌಕಟ್ಟು ಇದೆ, ಅಡ್ಡ ಉದ್ದ ಓರೆ ಪಟ್ಟಿ ಜೋಡಿಸಿದ್ದು, ನೆಲ ಅಲ್ಲಾಡಿದ್ರೆ ಮರ ಬಳುಕಿ ಕಟ್ಟಡ ನಿಲ್ಲಲಿ ಅಂತ. ಹೊರಗಿಂದ ಕಾಣಲ್ಲ, ಆದ್ರೆ ಒಳಗಿದೆ ಅಂತ ಗೊತ್ತಿದ್ದು ನಡೆಯೋದೇ ಬೇರೆ.

ಲಂಡನ್ನಲ್ಲಾದ್ರೆ ಡಾಕ್‌ಲ್ಯಾಂಡ್ಸ್ ಮ್ಯೂಸಿಯಂ ಬಾಗಿಲು ದಾಟಿದ್ರೆ ಎದ್ರಿಗೇ ನೀರು, ನೀರಾಚೆ ಬ್ಯಾಂಕುಗಳ ಗಾಜಿನ ಗೋಪುರ. ಹಡಗು ನಿಲ್ತಿದ್ದ ಜಾಗದಲ್ಲಿ ಈಗ ಹೋಟ್ಲು ಕುರ್ಚಿ. ಕಾಫಿ ಕುಡೀರಿ, ದುಬಾರಿ, ಆದ್ರೂ ಒಂ‍ದ್ಸಲ ಕುಡೀರಿ. ದುಬೈಯಲ್ಲಿ ಶಿಂದಗ ನೋಡಿ ಸಂಜೆ ಕ್ರೀಕ್ ದಂಡೆಗೆ ಬಂದು ಅಬ್ರಾ ದೋಣಿ ಹತ್ತಿ ದೇರಾ ಕಡೆ ದಾಟಿ, ಆ ಕಡೆ ಮಸಾಲೆ ಪೇಟೆ ಇದೆ. ಅಲ್ಲಿ ಏಲಕ್ಕಿ ರೇಟು ಕೇಳಿ ಬೆಚ್ಚಿಬೀಳೋದು ನಮ್ಮವ್ರಿಗೆ ಉಚಿತ ಮನರಂಜನೆ.

ಕೊನೇಲಿ ಮ್ಯೂಸಿಯಂ ಅಂಗಡಿ ಬಗ್ಗೆ. ಫ್ರಿಜ್ಜಿಗೆ ಅಂಟ್ಸೋ ಮ್ಯಾಗ್ನೆಟ್ ಎಲ್ಲಿ ಬೇಕಾದ್ರೂ ಸಿಗುತ್ತೆ, ಇಲ್ಲಿ ತಗೋಬೇಕಾದ್ದು ಹಳೇ ನಕಾಶೆಯ ಪ್ರಿಂಟು. ಅದ್ರಲ್ಲೂ ಅರಬ್ಬೀ ಸಮುದ್ರ, ಮಲಬಾರ್ ಕರಾವಳಿ ಇರೋ ನಕಾಶೆ ಸಿಕ್ರೆ ಬಿಡ್ಬೇಡಿ, ಹೊನ್ನಾವರ, ಭಟ್ಕಳ, ಮಿರ್ಜಾನ ಎಲ್ಲ ವಿಚಿತ್ರ ಸ್ಪೆಲ್ಲಿಂಗಲ್ಲಿ ಇರ್ತಾವೆ, ಹುಡ್ಕಿದ್ರೆ ಸಿಗುತ್ತೆ. ಮಡಚಿ ಕೊಡೋದು ಬೇಡ, ಸುರುಳಿ ಸುತ್ತಿ ರಟ್ಟಿನ ಕೊಳವೆಗೆ ಹಾಕಿಸ್ಕೊಳ್ಳಿ. ಚೆಕ್-ಇನ್ ಸೂಟ್‌ಕೇಸಿಗೆ ತುರುಕಿದ್ರೆ ಗೋವಾ ಏರ್‌ಪೋರ್ಟಲ್ಲಿ ಇಳಿಯೋ ಹೊತ್ತಿಗೆ ಚಪ್ಪಟೆ ಆಗಿರುತ್ತೆ, ಕೈಯಲ್ಲೇ ಹಿಡ್ಕೊಂಡು ಬನ್ನಿ.